ಅಂಗಳದಲ್ಲಿ ಬಿದ್ದದ್ದೇ ಸಾಕು, ಮಕ್ಕಳ ಕೈಕೆಲಸಕ್ಕೆ

ಸಣ್ಣ ಮಕ್ಕಳ ಕೈಕೆಲಸ ಅಂದ ಕೂಡಲೇ ಈಗಿನ ತಾಯಂದಿರು ಪೇಟೆಗೆ ಓಡುತ್ತಾರೆ. ಬಣ್ಣದ ಕಾಗದ, ಥರ್ಮಾಕೋಲ್, ಅಂಟು, ಮಿಣಮಿಣ ಹುಡಿ ಎಲ್ಲ ಮನೆಗೆ ಬರುತ್ತದೆ. ಕತ್ತರಿಸುವುದು ತಾಯಿ, ಅಂಟಿಸುವುದೂ ತಾಯಿ. ಕೊನೆಗೆ ಒಂದು ಚುಕ್ಕಿ ಇಡಲು ಮಗುವಿನ ಕೈಗೆ ಕೊಟ್ಟು, ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರೆ ಕೆಲಸ ಮುಗಿಯಿತು. ನನಗೆ ಇದು ಪೂರಾ ತಿರುಗಾಮುರುಗಾ ಅನಿಸುತ್ತದೆ. ಮೂರರಿಂದ ಐದು ವರ್ಷದ ಮಗುವಿಗೆ ರುಚಿ ಇರುವುದೆಲ್ಲ ಕೆಲಸದ ಮೊದಲಿನ ಅರ್ಧದಲ್ಲಿ: ಹೆಕ್ಕುವುದು, ನೆನೆಹಾಕುವುದು, ಜಜ್ಜುವುದು, ಸೋಸುವುದು, ವಿಂಗಡಿಸುವುದು. ಚೆಂದವಾಗಿ ಮುಗಿಯಬೇಕೆಂಬ ಹಟ ದೊಡ್ಡವರದು. ಕತ್ತಿ, ಬೆಂಕಿ, ಸುಣ್ಣ ಈ ಮೂರು ನಿಮ್ಮ ಕೈಯಲ್ಲಿರಲಿ, ಮಿಕ್ಕದ್ದನ್ನು ಅವರಿಗೆ ಬಿಡಿ.

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಂತೂ ಸಾಮಾನಿಗೆ ಬರವಿಲ್ಲ. ಯಾವ ತಿಂಗಳಲ್ಲಿ ಏನು ಬೀಳುತ್ತದೆ ಎಂದು ನೋಡಿಕೊಂಡರೆ ಆಯಿತು.

ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಮಕ್ಕಳು ಜಗಲಿ ಬಿಟ್ಟು ಇಳಿಯುವ ಹಾಗಿಲ್ಲ. ಆಗ ತಳದಿಂದ ಬಾಯಿವರೆಗೆ ಒಂದೇ ಅಗಲವಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅಂಗಳದ ನಡುವೆ ಇಡಿಸಿ. ಮಾಡಿನ ನೀರು, ಮರದ ಹನಿ ಅದಕ್ಕೆ ಬೀಳಬಾರದು. ಬೆಳಗ್ಗೆ ಎದ್ದು ಹಿಡಿಸೂಡಿ ಕಡ್ಡಿ ಅದ್ದಿ, ಒದ್ದೆಯಾದಷ್ಟು ಉದ್ದಕ್ಕೆ ಮುರಿದು, ಗೋಡೆಯ ಹತ್ತಿರ ಸಾಲಾಗಿ ಜೋಡಿಸಲಿ. ಮಿಲಿಮೀಟರ್ ಗೊತ್ತಿಲ್ಲದಿದ್ದರೂ ನಿನ್ನೆಯ ಮಳೆ ದೊಡ್ಡದೋ ಇವತ್ತಿನದೋ ಎಂದು ಮಗುವೇ ಹೇಳುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ನಮ್ಮದು, ಕಡ್ಡಿಗಳಿಗೆ ಜಾಗ ಸಾಲದೆ ಹೋದೀತು. ಅಳೆದ ನೀರನ್ನು ಅಂದಂದೇ ಚೆಲ್ಲಿ, ಇಲ್ಲವಾದರೆ ಸೊಳ್ಳೆ ಸಾಕಿದ ಹಾಗೆ. ಕಾಲಲ್ಲಿ ಗಾಯ ಇದ್ದರೆ ಕೆಸರು ನೀರಿಗೆ ಇಳಿಸಲೇಬೇಡಿ. ಮಳೆಗಾಲ ಅಂದರೆ ಇಲಿಜ್ವರದ ಕಾಲವೂ ಹೌದು.

ಆಟಿಯಲ್ಲಿ, ಅಂದರೆ ಜುಲೈ ಆಗಸ್ಟಿನ ತುಳು ತಿಂಗಳಲ್ಲಿ, ಗುಳಿಗಳಿಗೆ ಕಾಯಿ ಹಾಕಿ ಆಡುವ ಚೆನ್ನೆಮಣೆ ಅಟ್ಟದಿಂದ ಇಳಿಯಲಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಪೂರ್ತಿ ಆಟ ನಾಲ್ಕು ವರ್ಷದವರಿಗೆ ತಲೆಗೆ ಹೋಗದು, ಹೋಗಬೇಕಾಗಿಯೂ ಇಲ್ಲ. ಒಂದು ಗುಳಿಗೆ ಒಂದೇ ಕಾಯಿ ಹಾಕುತ್ತ ಸುತ್ತು ಬಂದರೆ ಸಾಕು, ಲೆಕ್ಕದ ಬುಡ ಅಲ್ಲೇ ಗಟ್ಟಿಯಾಗುತ್ತದೆ. ಒಂದು ಎಚ್ಚರಿಕೆ. ಕೆಂಪಿನ ಮೇಲೆ ಕಪ್ಪು ಚುಕ್ಕಿಯ ಗುಲಗಂಜಿ ಎಷ್ಟೇ ಚೆಂದ ಕಂಡರೂ ಮಕ್ಕಳಿರುವ ಮನೆಯಲ್ಲಿ ಬೇಡ, ಅಗಿದು ನುಂಗಿದರೆ ಜೀವಕ್ಕೇ ಅಪಾಯದ ವಿಷ. ಮಂಜಟ್ಟಿಯ ಕೆಂಪು ಕಾಳು, ಹುಣಸೆಬೀಜವನ್ನೂ ಮೂಗಿಗೆ ತುರುಕಿಕೊಳ್ಳುವ ಪ್ರಾಯದವರಿಗೆ ಕೊಡಬೇಡಿ. ಅಂಥವರಿಗೆ ಮಣೆಯೂ ಬೇಡ, ಒಣಗಿಸಿಟ್ಟ ಹಲಸಿನ ಬೇಳೆಯ ರಾಶಿ ಮುಂದಿಟ್ಟು ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ ಮಾಡಲು ಹೇಳಿ. ವಿಂಗಡಿಸಿ ಆದ ಮೇಲೆ ಸಾಂಬಾರಿಗೂ ಆಯಿತು. ಹಸಿ ಗೇರುಬೀಜ ಮಾತ್ರ ಲೆಕ್ಕಕ್ಕೂ ಬೇಡ, ಆಟಕ್ಕೂ ಬೇಡ. ಅದರ ಸೊನೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ.

ಬಾಳೆಎಲೆಯ ದಂಟು ಅಡ್ಡಕ್ಕೆ ಕೊಯ್ದರೆ ಒಳಗೆ ಸಾಲುಸಾಲು ಗೂಡುಗಳಿರುವುದನ್ನು ನೀವು ನೋಡಿರುತ್ತೀರಿ. ಬಣ್ಣಕ್ಕೆ ಅದ್ದಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಒತ್ತಿದರೆ ಅದಕ್ಕಿಂತ ಚೆಂದದ ಅಚ್ಚು ಬೇರೆ ಇಲ್ಲ. ಬೆಂಡೆಕಾಯಿ ಆಮೇಲಿನ ಮಾತು. ಹಳೆಯ ಅಂಗಿ ಹಾಕಿಸಿಯೇ ಕೂರಿಸಿ, ಬಾಳೆಯ ಕರೆ ಬಟ್ಟೆಗೆ ತಾಗಿದರೆ ಯಾವ ಸಾಬೂನಿಗೂ ಜಪ್ಪಯ್ಯ ಅನ್ನುವುದಿಲ್ಲ.

ಓಣಂ ಹೊತ್ತಿಗೆ ಅತ್ತದಿಂದ ತಿರುವೋಣದವರೆಗೆ ಹತ್ತು ದಿನ ಹೂವಿನ ಕಳ ಹಾಕುತ್ತಾರಲ್ಲ, ಅಕ್ಕಪಕ್ಕದ ಮನೆಗಳಲ್ಲಿ ನೋಡಿ ನಮ್ಮ ಮಕ್ಕಳಿಗೂ ಬೇಕಾಗುತ್ತದೆ. ಪೇಟೆಯಿಂದ ಚೆಂಡುಹೂ ತರಬೇಡಿ. ತುಂಬೆ, ದಾಸವಾಳ, ಶಂಖಪುಷ್ಪ ಮಕ್ಕಳೇ ಕೊಯ್ದು ತರಲಿ, ಎಸಳು ಬಿಡಿಸಲಿ.

ಶಂಖಪುಷ್ಪದ ಕೆಲವು ಎಸಳು ತೆಗೆದಿಡಿ. ಬಿಸಿನೀರಿಗೆ ಹಾಕಿದರೆ ನೀಲಿ ಬಿಡುತ್ತದೆ, ಅದಕ್ಕೆ ನಿಂಬೆಹುಳಿ ಹಿಂಡಿದರೆ ನೇರಳೆಯಾಗಿ ಗುಲಾಬಿಗೆ ತಿರುಗುತ್ತದೆ. ಇದಕ್ಕಿಂತಲೂ ನನಗೆ ಇಷ್ಟ ಅರಿಶಿನದ ಆಟ. ಅರಿಶಿನ ಹುಡಿ ಕಲಸಿದ ನೀರನ್ನು ಕಾಗದದ ತುಂಬ ಬಳಿದು ಒಣಗಲು ಬಿಡಬೇಕು. ಮೇಲಿಂದ ಮಗು ಸಾಬೂನು ನೀರಲ್ಲಿ ಬೆರಳು ಅದ್ದಿ ಗೀರಿದರೆ ಹಳದಿಯ ನಡುವೆ ಕೆಂಪು ಗೆರೆ ಏಳುತ್ತದೆ. ನಮ್ಮ ಪುಳ್ಳಿ ಮೊದಲ ಸಲ "ಅಜ್ಜೀ, ನೆತ್ತರು!" ಎಂದು ಕೈ ಹಿಂದಕ್ಕೆ ಎಳೆದುಕೊಂಡ. ನಿಂಬೆಹುಳಿ ಒರಸಿ ಕೊಟ್ಟಾಗ ಗೆರೆ ಮತ್ತೆ ಹಳದಿಯಾಯಿತು, ಆಮೇಲೆ ಅವನನ್ನು ಊಟಕ್ಕೆ ಎಬ್ಬಿಸಲು ಸಾಕೋಸಾಕಾಯಿತು. ವೀಳ್ಯದ ಸುಣ್ಣದಲ್ಲೂ ಇದೇ ಕೆಂಪು ಬರುತ್ತದೆ, ಆದರೆ ಸುಣ್ಣ ಕಣ್ಣಿಗೆ ಹೋದರೆ ಕೆಟ್ಟದು. ಸಾಬೂನೇ ಇರಲಿ.

ಮಳೆ ಬಿಟ್ಟ ಮೇಲೆ ಮಣ್ಣಿನ ಕೆಲಸ. ಮುರಕಲ್ಲಿನ ಎರಡು ತುಂಡು ಒಂದಕ್ಕೊಂದು ಉಜ್ಜಿಸಿದರೆ ಕೆಂಪು ಹುಡಿ ಉದುರುತ್ತದೆ. ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಗಟ್ಟಿ ಗಂಜಿತಿಳಿಯಲ್ಲಿ ಕಲಸಿ. ಗಂಜಿಯ ಅಂಟಿದ್ದರೆ ಒಣಗಿದ ಮೇಲೆ ಬಣ್ಣ ಅಷ್ಟಾಗಿ ಉದುರದು. ಒಲೆಯ ಇದ್ದಲು ಅರೆದರೆ ಕಪ್ಪು, ಚಪ್ಪರದ ಬಸಳೆ ಹಣ್ಣಾದಾಗ ಹಿಸುಕಿದರೆ ನೇರಳೆ. ಬಸಳೆಯ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಮಗು ಅತ್ತರೆ ಇನ್ನೊಂದು ಬರೆಯಲು ಹೇಳಿ. ಬ್ರಶ್ಶಿಗೆ ತೆಂಗಿನ ಸಿಪ್ಪೆಯ ತುಂಡಿನ ತುದಿ ಜಜ್ಜಿದರೆ ಆಯಿತು.

ಬೇಸಗೆಯ ಗಾಳಿಗೆ ತೆಂಗಿನ ಓಲೆಯ ಗಿರಿಗಿಟ್ಲೆ, ವಾಚು, ಪೀಪಿ. ಹೆಣೆಯುವುದು ಐದು ದಾಟಿದವರಿಗೆ. ಅದಕ್ಕಿಂತ ಸಣ್ಣವರು ಓಲೆಯಿಂದ ಕಡ್ಡಿ ಸೀಳಿ ತೆಗೆಯಲಿ, ಬೆರಳಿಗೆ ಅದೇ ಒಳ್ಳೆಯ ಕಸರತ್ತು. ಕಡ್ಡಿ ಹಿಡಿದು ಓಡಲು ಬಿಡಬೇಡಿ. ಗಿರಿಗಿಟ್ಲೆಯ ನಡುವಿನ ಕಡ್ಡಿಯ ತುದಿಯನ್ನು ಮಡಚಿ ಕೊಡಿ.

ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಹಾಳೆಯಲ್ಲಿ ಮುಖವಾಡ, ಮುಟ್ಟಾಳೆ ಎಂಬ ಟೊಪ್ಪಿ, ಯಕ್ಷಗಾನ ನೋಡಿ ಬಂದ ಮರುದಿನ ಕಿರೀಟ ಎಲ್ಲ ಆಗುತ್ತದೆ. ಒಣಹಾಳೆ ಮಡಚಿದರೆ ಸೀಳಿಬಿಡುತ್ತದೆ, ಅರ್ಧ ಗಂಟೆ ನೀರಲ್ಲಿ ಹಾಕಿದರೆ ಚರ್ಮದ ಹಾಗೆ ಬಗ್ಗುತ್ತದೆ. ಕಣ್ಣಿನ ತೂತು ನೀವು ಕೊರೆದು ಕೊಡಿ, ಮೂತಿ ಅವರು ಬರೆಯಲಿ, ಸೊಟ್ಟ ಇದ್ದರೆ ಸೊಟ್ಟವೇ ಇರಲಿ. ಆದರೆ ಮಳೆಗಾಲದಲ್ಲಿ ಬಿದ್ದ ಹಾಳೆ ಮಕ್ಕಳಿಗೆ ಆಗದು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವಾಗ ಮೈಲುತುತ್ತು ಸುಣ್ಣದ ನೀಲಿ ಕಲೆ ಅದರ ಮೇಲೆ ಕೂತಿರುತ್ತದೆ. ಬೂಸಲು ಬೇರೆ. ಮಾರ್ಚ್ ಏಪ್ರಿಲಿನಲ್ಲಿ ಬೀಳುವ ಹಾಳೆಯನ್ನೇ ಮಕ್ಕಳ ಕೈಯಿಂದ ಹೆಕ್ಕಿಸಿ, ಒರಸಿ, ಎರಡು ಬಿಸಿಲು ಕಾಣಿಸಿ ಅಟ್ಟಕ್ಕೆ ಹಾಕಿದರೆ ಮುಂದಿನ ಆಟಿಗೂ ಸಾಮಾನು ಸಿದ್ಧ. ಗೆದ್ದಲು ಹಿಡಿಯದಂತೆ ನೆಲಕ್ಕೆ ತಾಗಿಸದೆ ಕಟ್ಟಿ ನೇತುಹಾಕಿ.