ಬೇರೆ ಯೂನಿಕ್ಸ್‌ನಲ್ಲೂ ಓಡುವ ಸಿ ಕೋಡ್: ಎಡವುವುದು ‘ಚಾರ್’ನಲ್ಲೇ

ಲಿನಕ್ಸ್‌ನಲ್ಲಿ ಬರೆದ ಸಿ ಪ್ರೋಗ್ರಾಮನ್ನು ಹಳೆಯ ಸೊಲಾರಿಸ್‌ಗೋ ನೆಟ್‌ಬಿಎಸ್‌ಡಿಗೋ ಒಯ್ಯಬೇಕಾ? ಮೊದಲು ಕಂಪೈಲರ್‌ನ ಬಾಯಿ ಬಿಡಿಸಿ. ಜಿಸಿಸಿ ಕಂಪೈಲರನ್ನು ಸಿ89 (1989ರ ಸಿ ಸ್ಟ್ಯಾಂಡರ್ಡ್) ಮೋಡ್‌ನಲ್ಲಿ, ಸ್ಟ್ಯಾಂಡರ್ಡ್ ಮೀರಿದ್ದಕ್ಕೆ ಎಚ್ಚರಿಸುವ ಪೆಡಾಂಟಿಕ್ ಆಯ್ಕೆ ಹಾಕಿ ಓಡಿಸಿ. // ಕಾಮೆಂಟು, ಬ್ಲಾಕಿನ ನಡುವೆ ಘೋಷಿಸಿದ ವೇರಿಯಬಲ್ಲು ಎಲ್ಲಕ್ಕೂ ಗೊಣಗುತ್ತದೆ. ಇವೆರಡೂ ಸ್ಟ್ಯಾಂಡರ್ಡಿಗೆ ಬಂದದ್ದೇ 1999ರಲ್ಲಿ. ತಿದ್ದಿ, ಮುಂದೆ ಹೋಗಿ.

ಜನ ಮುಗ್ಗರಿಸುವುದು ಚಾರ್‌ನಲ್ಲಿ, ಅಂದರೆ ಒಂದು ಬೈಟು ಹಿಡಿಯುವ ಟೈಪಿನಲ್ಲಿ. ಇಂಟೆಲ್ ಲಿನಕ್ಸ್‌ನ ಜಿಸಿಸಿಗೆ ಚಾರ್ ಅಂದರೆ -128ರಿಂದ 127 (ಸೈನ್ಡ್). ಆರ್ಮ್ ಲಿನಕ್ಸ್‌ನಲ್ಲಿ 0ಯಿಂದ 255 (ಅನ್‌ಸೈನ್ಡ್). ಎರಡೂ ಸರಿಯೇ, ಸ್ಟ್ಯಾಂಡರ್ಡು ಅದನ್ನು ಕಂಪೈಲರ್‌ಗೇ ಬಿಟ್ಟಿದೆ. ನಾನೊಮ್ಮೆ ಕನ್ನಡ ಫೈಲಿನ ಪದ ಎಣಿಸುವ ಪುಟ್ಟ ಪ್ರೋಗ್ರಾಂ ಬರೆದು, ಒಂದೊಂದೇ ಬೈಟು ಓದಿಕೊಡುವ ಗೆಟ್‌ಚಾರ್ ಫಂಕ್ಷನ್ ಕೊಟ್ಟದ್ದನ್ನು ಸುಮ್ನೆ ಚಾರ್‌ಗೆ ಹಾಕಿದ್ದೆ. ಇಂಟೆಲ್‌ನಲ್ಲಿ ಚೆನ್ನಾಗಿಯೇ ಓಡಿತು, ಆರ್ಮ್ ಬೋರ್ಡಿನಲ್ಲಿ ನಿಲ್ಲಲೇ ಇಲ್ಲ. ಫೈಲ್ ಮುಗಿದಾಗ ಬರುವ ಇಒಎಫ್ ಸಾಮಾನ್ಯವಾಗಿ -1. ಅದು ಚಾರ್‌ನೊಳಗೆ ಬಿದ್ದು 255 ಆಯಿತು, 255 ಎಂದಾದರೂ -1ಕ್ಕೆ ಸಮವಾದೀತೇ? ಇಂಟೆಲ್‌ನಲ್ಲೂ ಕೋಡ್ ಸರಿಯಿತ್ತು ಅಂತಲ್ಲ. ಜೆಪೆಗ್ ಫೋಟೊದ ಮೊದಲ ಬೈಟೇ 255, ಇಂಟೆಲ್‌ನ ಚಾರ್‌ನಲ್ಲಿ ಅದು -1. ಅಂಥ ಫೋಟೊ ಕೊಟ್ಟಿದ್ದರೆ ಹೊಸ್ತಿಲಲ್ಲೇ ನಿಂತುಬಿಡುತ್ತಿತ್ತು. ನನ್ನ ಕನ್ನಡ ಫೈಲಿದ್ದ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ 255 ಬರುವುದೇ ಇಲ್ಲ, ಹಾಗಾಗಿ ಬಚಾವಾಗಿದ್ದೆ. ಗೆಟ್‌ಚಾರ್ ಕೊಟ್ಟದ್ದನ್ನು ಚಾರ್‌ಗಿಂತ ದೊಡ್ಡ ಟೈಪಾದ ಇಂಟ್‌ನಲ್ಲೇ ಹಿಡಿಯಿರಿ.

ಇದು ಖಾಲಿ ಜಾಗವೇ, ಅಕ್ಷರವೇ ಎಂದು ಹೇಳುವ ಈಸ್‌ಸ್ಪೇಸ್, ಈಸ್‌ಆಲ್ಫಾಗಳಿಗೆ ಸ್ಟ್ರಿಂಗಿನ ಅಕ್ಷರ ಕೊಡುವ ಮುಂಚೆಯೂ ಅನ್‌ಸೈನ್ಡ್ ಚಾರ್‌ಗೆ ಕಾಸ್ಟ್ ಮಾಡಿ, ಅಂದರೆ ಟೈಪ್ ಬದಲಿಸಿ. ‘ಕ’ ಅಂದರೆ 224, 178, 149 ಎಂಬ ಮೂರು ಬೈಟು. ಆ 224 ಇಂಟೆಲ್‌ನಲ್ಲಿ -32 ಆಗಿ ಹೋಗುತ್ತದೆ. ಕೆಲವು ಯೂನಿಕ್ಸ್‌ಗಳಲ್ಲಿ ಇವು ಒಂದು ಅರೇ ನೋಡಿ ಉತ್ತರ ಹೇಳುವ ಮ್ಯಾಕ್ರೊ ಅಷ್ಟೇ. -32ನೇ ಮನೆಯಲ್ಲಿ ಏನಿರುತ್ತದೋ ದೇವರೇ ಬಲ್ಲ. ಇಂಗ್ಲಿಷ್ ಫೈಲಿನಲ್ಲಿ ಮಾತ್ರ ಟೆಸ್ಟ್ ಮಾಡುವವರಿಗೆ ಇದು ಕಾಣುವುದೇ ಇಲ್ಲ, ಕನ್ನಡದವರಿಗೆ ಮೊದಲ ಬೈಟಿಗೇ ಕಾಣುತ್ತದೆ.

ಆರ್ಮ್ ಯಂತ್ರ ಇಲ್ವಾ? ಜಿಸಿಸಿಯಲ್ಲಿ ಚಾರ್ ಅನ್ನು ಅನ್‌ಸೈನ್ಡ್ ಮಾಡುವ ಫ್ಲ್ಯಾಗ್ ಇದೆ, ಸೈನ್ಡ್ ಮಾಡುವುದೂ ಇದೆ. ಎರಡರಲ್ಲೂ ಒಂದೊಂದು ಸಲ ಓಡಿಸಿ. ಆ ಫ್ಲ್ಯಾಗನ್ನೇ ಮೇಕ್‌ಫೈಲಿಗೆ (ಕಂಪೈಲ್ ಮಾಡುವ ಸೂಚನೆಗಳ ಫೈಲು) ಸೇರಿಸಿ ಕೈತೊಳೆದುಕೊಳ್ಳುವವರಿದ್ದಾರೆ, ಹಾಗೆ ಮಾಡಬೇಡಿ. ಬೇರೆ ಕಂಪೈಲರ್‌ಗೆ ಆ ಫ್ಲ್ಯಾಗೇ ಗೊತ್ತಿರಲಿಕ್ಕಿಲ್ಲ.

ಇನ್ನೊಂದು ಸಣ್ಣ ಮಾತು: ಗಾತ್ರ, ಉದ್ದಗಳನ್ನು ಹಿಡಿಯುವ ಸೈಜ್-ಟಿ ಟೈಪನ್ನು ಪ್ರಿಂಟ್ ಮಾಡಲು ಅನ್‌ಸೈನ್ಡ್ ಲಾಂಗ್‌ಗೆ ಕಾಸ್ಟ್ ಮಾಡಿದರೆ ಸಾಕು.

ಕೊನೆಯದಾಗಿ, ಸಿಸ್ಟಂ ಹೆಸರು ನೋಡಿ ಇಫ್‌ಡೆಫ್ (ಇಂಥದ್ದಿದ್ದರೆ ಮಾತ್ರ ಈ ಕೋಡ್ ಎನ್ನುವ ಷರತ್ತು) ಹಾಕಬೇಡಿ, ಫಂಕ್ಷನ್ ಇದೆಯಾ ಅಂತ ನೋಡಿ. ಸ್ಟ್ರಿಂಗ್ ನಕಲು ಮಾಡುವ ಸ್ಟ್ರ್‌ಎಲ್‌ಕಾಪಿ ಓಪನ್‌ಬಿಎಸ್‌ಡಿಗೆ ಬಂದದ್ದು 1998ರಲ್ಲಿ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಸಿ ಲೈಬ್ರರಿ ಜಿಲಿಬ್‌ಸಿಗೆ 2023ರಲ್ಲಿ. ‘ಲಿನಕ್ಸ್ ಅಂದರೆ ಅದು ಇಲ್ಲ’ ಅಂದುಕೊಂಡು ಅದೇ ಹೆಸರಿನ ಸ್ಟ್ಯಾಟಿಕ್ ಫಂಕ್ಷನ್ ಬರೆದಿಟ್ಟವರ ಕೋಡು, ಹೊಸ ಹೆಡರ್ ಬಂದ ದಿನವೇ ಕಂಪೈಲ್ ಆಗದೆ ಕೂತಿತು.