ವೇಗದ ದಂಡ, ವಿಮೆಯ ಕಂತು, ಚಾಲನಾ ದಾಖಲೆ: ಕೊಡಗಿನ ವಾಹನ ಮಾಲೀಕರು ತಿಳಿದಿರಬೇಕಾದದ್ದು

ಅತಿವೇಗಕ್ಕೆ ಬಂದ ಇ-ಚಲನ್ ದಂಡ ಕಟ್ಟಿದರೆ ಎಲ್ಲವೂ ಮುಗಿಯಿತೆಂದು ಕೆಲವರು ನಂಬುತ್ತಾರೆ. ಮರುವರ್ಷ ವಿಮೆಯ ಕಂತು ತಾನಾಗಿಯೇ ಏರುತ್ತದೆಂದು ಇನ್ನು ಕೆಲವರು ಹೆದರುತ್ತಾರೆ. ಎರಡೂ ಸರಿಯಲ್ಲ. ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯ (ನಿಮ್ಮ ವಾಹನದಿಂದ ಇತರರಿಗಾಗುವ ಹಾನಿ ಭರಿಸುವ ವಿಮೆ) ದರವನ್ನು ಕೇಂದ್ರ ಸರ್ಕಾರವೇ ಎಂಜಿನ್ ಸಾಮರ್ಥ್ಯ ನೋಡಿ ನಿಗದಿ ಮಾಡುವುದರಿಂದ, ಚಲನ್‌ಗಳಿಂದ ಅದು ಹೆಚ್ಚುವುದಿಲ್ಲ. ಸಂಚಾರ ಉಲ್ಲಂಘನೆಗೆ ಪ್ರತ್ಯೇಕ ಕಂತು ವಿಧಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ರಚಿಸಿದ್ದ ಸಮಿತಿಯೊಂದು 2021ರಲ್ಲಿ ಶಿಫಾರಸು ಮಾಡಿದ್ದು ನಿಜ. ಆದರೆ ಇಂದು ಜೇಬಿಗೆ ನಿಜವಾದ ಪೆಟ್ಟು ಬೀಳುವುದು ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ ವರ್ಷಗಳಿಗಾಗಿ ಕಂತಿನಲ್ಲಿ ಸಿಗುವ ರಿಯಾಯಿತಿ, ಕೈತಪ್ಪಿದಾಗ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಕಾರಿನ ವಿಮೆಯಲ್ಲಿ ಸ್ವಂತ ಹಾನಿ (ನಿಮ್ಮದೇ ಕಾರಿಗಾಗುವ ಹಾನಿ) ಭಾಗದ ಕಂತು 12,000 ರೂಪಾಯಿ, ಐದು ವರ್ಷ ಕ್ಲೈಮ್ ಮಾಡದ ಕಾರಣ ಶೇ 50ರ ಬೋನಸ್ ಸಿಕ್ಕಿ ಕಟ್ಟುತ್ತಿರುವುದು 6,000 ಎಂದಿಟ್ಟುಕೊಳ್ಳಿ. ಸಂಪಾಜೆ ಘಾಟಿಯ ತಿರುವಿನಲ್ಲಿ ಮಳೆಗೆ ಜಾರಿ ಬಂಪರ್ ಒಡೆದು, 9,000 ರೂಪಾಯಿಯ ಬಿಲ್‌ಗೆ ಕ್ಲೈಮ್ ಹಾಕಿದರೆ ಮುಂದಿನ ನವೀಕರಣಕ್ಕೆ ಬೋನಸ್ ಸೊನ್ನೆಯಾಗುತ್ತದೆ. ನಂತರ ಅದು ಶೇ 20, 25, 35, 45 ಎಂದು ಮೆಟ್ಟಿಲು ಹತ್ತಿ ಮತ್ತೆ ಶೇ 50 ತಲುಪುವವರೆಗೆ, ಮೂಲ ಕಂತು ಬದಲಾಗಲಿಲ್ಲವೆಂದುಕೊಂಡರೂ, ನೀವು ಹೆಚ್ಚುವರಿಯಾಗಿ ಕಟ್ಟುವ ಮೊತ್ತ 15,000 ರೂಪಾಯಿ. ಇತ್ತ ಬಿಲ್‌ನಲ್ಲೂ ಪ್ಲಾಸ್ಟಿಕ್ ಭಾಗಗಳಿಗೆ ಶೇ 50ರ ಸವಕಳಿ ಮತ್ತು ಕಡ್ಡಾಯ ಕಡಿತ (ಪ್ರತಿ ಕ್ಲೈಮ್‌ನಲ್ಲಿ ನೀವೇ ಭರಿಸಬೇಕಾದ ಮೊತ್ತ) ಕಳೆದೇ ಹಣ ಬರುತ್ತದೆ. ಆದ್ದರಿಂದ ಗ್ಯಾರೇಜಿನವರು ಹೇಳಿದ ಕೂಡಲೇ ಕ್ಲೈಮ್ ಫಾರಂಗೆ ಸಹಿ ಹಾಕಬೇಡಿ. ಮೊದಲು ಈ ಲೆಕ್ಕವನ್ನು ನಿಮ್ಮ ಪಾಲಿಸಿಯ ಅಂಕಿಗಳಿಂದ ಮಾಡಿ. ಬೋನಸ್ ರಕ್ಷಣೆಯ ಆಡ್-ಆನ್ (ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಇದ್ದರೆ ಮಾತ್ರ ಚಿತ್ರ ಬೇರೆ.

ಚಾಲನಾ ದಾಖಲೆಯ ವಿಷಯ ಇನ್ನೂ ಗಂಭೀರ. ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನ ಪ್ರಕಾರ ಅತಿವೇಗಕ್ಕೆ ಲಘು ವಾಹನಕ್ಕೆ ದಂಡ 1,000ದಿಂದ 2,000 ರೂಪಾಯಿ. ತಪ್ಪು ಮರುಕಳಿಸಿದರೆ ಚಾಲನಾ ಪರವಾನಗಿಯನ್ನೇ ವಶಪಡಿಸಿಕೊಳ್ಳಬಹುದು. ಅತಿವೇಗಕ್ಕೆ ಕನಿಷ್ಠ ಮೂರು ತಿಂಗಳು ಪರವಾನಗಿ ಅಮಾನತು ಮಾಡಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಅಮಾನತಿನ ಅವಧಿಯಲ್ಲಿ ವಾಹನ ಓಡಿಸಿ ಅಪಘಾತವಾದರೆ, ವಿಮಾ ಕಂಪನಿ ನಿಮ್ಮ ವಾಹನದ ಹಾನಿಗೆ ಹಣ ನಿರಾಕರಿಸಬಹುದು. ಗಾಯಗೊಂಡವರಿಗೆ ಕೊಟ್ಟ ಪರಿಹಾರವನ್ನೂ ನಿಮ್ಮಿಂದಲೇ ವಸೂಲಿ ಮಾಡಲು ಮುಂದಾಗಬಹುದು. ಒಂದು ಕುಟುಂಬದ ತೋಟವನ್ನೇ ಅಡವಿಡಿಸುವಷ್ಟು ದೊಡ್ಡ ಮೊತ್ತ ಅದಾಗಬಲ್ಲದು ಎಂಬುದನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ.

ಇ-ಚಲನ್ ಪರಿವಾಹನ್ ಜಾಲತಾಣದಲ್ಲಿ ವಾಹನದ ಸಂಖ್ಯೆ ಹಾಕಿ ಬಾಕಿಯನ್ನು ಆಗಾಗ ನೋಡಿ. ಚಿತ್ರದಲ್ಲಿರುವ ಕಾರು, ಸ್ಥಳ, ಸಮಯ ನಿಮ್ಮದಲ್ಲವೆನಿಸಿದರೆ ದಂಡ ಕಟ್ಟುವ ಮೊದಲೇ ಆಕ್ಷೇಪಣೆ ಸಲ್ಲಿಸಿ. ಹಳೆಯ ಜೀಪು ಕೊಳ್ಳುವವರು ಮುಂಗಡ ಕೊಡುವ ಮುನ್ನವೇ ಬಾಕಿ ಚಲನ್‌ಗಳನ್ನು ನೋಡಬೇಕು. ಮಾರುವವರ ನೋ ಕ್ಲೈಮ್ ಬೋನಸ್ ವಾಹನದೊಂದಿಗೆ ನಿಮಗೆ ಬರುವುದಿಲ್ಲ. ಅದು ಮಾಲೀಕರಿಗೆ ಸೇರಿದ್ದು.

ಫಲಕದ ಮಿತಿಯೊಳಗೆ ಇದ್ದೇವೆಂಬುದೂ ಪೂರ್ಣ ರಕ್ಷಣೆಯಲ್ಲ. ಜುಲೈನ ಮಂಜಿನಲ್ಲಿ ಮಡಿಕೇರಿಯ ಇಳಿಜಾರಿನಲ್ಲಾಗಲಿ, ಆನೆ ದಾಟುವ ತಿತಿಮತಿಯ ಕಾಡುದಾರಿಯಲ್ಲಾಗಲಿ, ಮಿತಿಯೊಳಗಿನ ವೇಗವೂ ಪರಿಸ್ಥಿತಿಗೆ ಅಪಾಯಕಾರಿಯಾಗಿದ್ದರೆ 184ನೇ ಕಲಮಿನಡಿ ಪ್ರಕರಣವಾಗಬಹುದು, ಅದರಲ್ಲಿ ಜೈಲು ಶಿಕ್ಷೆಗೂ ಅವಕಾಶವಿದೆ. ನಿಧಾನವಾಗಿ ಓಡಿಸುವವರಿಗೆ ಅನುಕೂಲವೂ ಇದೆ: ಚಾಲನೆಯ ರೀತಿಯನ್ನು ಅಳೆದು ಕಂತು ಲೆಕ್ಕ ಹಾಕುವ ಆಡ್-ಆನ್‌ಗಳಿಗೆ 2022ರಿಂದ ಅನುಮತಿಯಿದೆ, ನವೀಕರಣದ ವೇಳೆ ಕೇಳಿ ನೋಡಿ.

ಕಾಫಿ ಕೊಯ್ಲಿನ ದಿನಗಳಲ್ಲಿ ಕಾರ್ಮಿಕರನ್ನು ಕರೆತರಲು ಚಾಲಕರನ್ನು ಅವಸರಪಡಿಸುವ ತೋಟದ ಮಾಲೀಕರು ಗಮನಿಸಬೇಕಾದ ಮಾತೊಂದಿದೆ. 183ನೇ ಕಲಮು ವೇಗವಾಗಿ ಓಡಿಸಿದವರನ್ನಷ್ಟೇ ಅಲ್ಲ, ತಮ್ಮ ನೌಕರರಿಂದ ಹಾಗೆ ಓಡಿಸಿದವರನ್ನೂ ಹೊಣೆ ಮಾಡುತ್ತದೆ. ಕೊಯ್ಲು ಶುರುವಾಗುವ ಮುನ್ನ ಚಾಲಕರ ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ, ವಿಮೆಯ ಪ್ರತಿಯನ್ನು ಜೀಪಿನಲ್ಲೇ ಇಡಿಸಿ, ಬೆಳಗಿನ ಹೊರಡುವ ಸಮಯವನ್ನು ಅರ್ಧ ಗಂಟೆ ಮುಂಚಿತಗೊಳಿಸಿ.