ಫೋಲ್ಡರ್ ಬ್ಯಾಕಪ್ ಸ್ಕ್ರಿಪ್ಟ್: ಟಾರ್ ಸಾಲಿನ ಹಿಂದೆ ಮುಂದೆ

ಫೋಲ್ಡರ್ ಒಂದನ್ನು ಕುಗ್ಗಿಸಿ ಕಟ್ಟಿಡಲು, ಫೈಲುಗಳನ್ನು ಒಂದೇ ಗಂಟಾಗಿಸುವ ಲಿನಕ್ಸ್ ಕಮಾಂಡ್ ಟಾರ್‌ನ ಒಂದೇ ಸಾಲು ಸಾಕು. ಆದರೆ ನನ್ನ ಬ್ಯಾಶ್ ಸ್ಕ್ರಿಪ್ಟ್ (ಶೆಲ್ ಎಂಬ ಕಮಾಂಡ್ ಓಡಿಸುವ ಪ್ರೋಗ್ರಾಂ ಸಾಲುಸಾಲಾಗಿ ನಡೆಸುವ ಫೈಲ್) 30 ಸಾಲಿನದು. ಮಿಕ್ಕ 29 ಇರುವುದು ಆ ಒಂದು ಸಾಲು ಕೈಕೊಡುವ ಬಗೆಗಳಿಗಾಗಿ.

ಟಾರ್‌ನ ಆಯ್ಕೆಗಳು ಸಣ್ಣಕ್ಷರದ ಸಿ (ಹೊಸ ಗಂಟು ಕಟ್ಟು), ಝಡ್ (ಕುಗ್ಗಿಸು), ಎಫ್ (ಫೈಲ್ ಹೆಸರು), ಇದೇ ಕ್ರಮದಲ್ಲಿ. ಎಫ್ ಆದಮೇಲೆ ಏನಿದ್ದರೂ ಟಾರ್ ಅದನ್ನೇ ಫೈಲ್ ಹೆಸರು ಅಂದುಕೊಳ್ಳುತ್ತದೆ. ಝಡ್ ಕೊನೆಗೆ ಬಿದ್ದರೆ ‘ಝಡ್’ ಎಂಬ ಹೆಸರಿನ, ಕುಗ್ಗದ ಫೈಲೊಂದು ಹುಟ್ಟುತ್ತದೆ. ದೊಡ್ಡಕ್ಷರದ ಸಿ ಬೇರೆಯೇ: ಟಾರ್ ಮೊದಲು ಅದರ ಜೊತೆ ಕೊಟ್ಟ ಫೋಲ್ಡರಿಗೆ (ಇಲ್ಲಿ ಒಂದು ಹಂತ ಮೇಲಿನದಕ್ಕೆ) ಹೋಗಿ ಅಲ್ಲಿಂದ ಕಟ್ಟಲು ಶುರುಮಾಡುತ್ತದೆ. ಅದನ್ನು ಬಿಟ್ಟು ಪೂರ್ತಿ ಪಾತ್ (ಫೋಲ್ಡರಿನ ವಿಳಾಸ) ಕೊಟ್ಟರೆ, ಬಿಚ್ಚಿದಾಗ ಫೋಲ್ಡರಿನೊಳಗೆ ಫೋಲ್ಡರ್ ಇಳಿದು ಹುಡುಕಬೇಕು. ವೇರಿಯಬಲ್‌ಗಳಿಗೆ (ಹೆಸರು, ಸಂಖ್ಯೆ ಹಿಡಿದಿಡುವ ಗುರುತುಗಳಿಗೆ) ಜೋಡಿ ಉದ್ಧರಣ ಚಿಹ್ನೆ ಹಾಕಿ; ಇಲ್ಲದಿದ್ದರೆ, ಹೆಸರಿನ ನಡುವೆ ಸ್ಪೇಸ್ ಇದ್ದರೆ ಶೆಲ್ ಅದನ್ನು ತುಂಡರಿಸುತ್ತದೆ.

ಹೊರಗಿನ ಡಿಸ್ಕಿಗೆ ಬರೆಯುವವರು ಅದು ಮೌಂಟ್ ಆಗಿದೆಯೇ, ಅಂದರೆ ಫೋಲ್ಡರೊಂದಕ್ಕೆ ಜೋಡಣೆಯಾಗಿದೆಯೇ ಎಂದು ಮೌಂಟ್‌ಪಾಯಿಂಟ್ ಕಮಾಂಡಿನಿಂದ ಮೊದಲೇ ಪರೀಕ್ಷಿಸಬೇಕು. ಡಿಸ್ಕ್ ಮೌಂಟ್ ಆಗಿರದಿದ್ದರೆ ಅಲ್ಲಿರುವುದು ಬರೀ ಖಾಲಿ ಫೋಲ್ಡರ್. ಸ್ಕ್ರಿಪ್ಟ್ ಚಕಾರವೆತ್ತದೆ ಅಲ್ಲಿಗೇ ಬರೆದು ಮೂಲ ಡಿಸ್ಕನ್ನು ತುಂಬಿಸುತ್ತದೆ. ಡಿಸ್ಕಿನ ಫೈಲ್ ವ್ಯವಸ್ಥೆ ಫ್ಯಾಟ್32 ಆಗಿದ್ದರೆ ಫೈಲ್ 4 ಜಿಬಿ ಹತ್ತಿರ ಬರುತ್ತಲೇ ಬರವಣಿಗೆ ನಿಂತುಹೋಗುತ್ತದೆ.

ಹೆಚ್ಚು ತಲೆನೋವು ಎಕ್ಸಿಟ್ ಕೋಡಿನದು, ಅಂದರೆ ಕಮಾಂಡ್ ಮುಗಿದಾಗ ಹಿಂತಿರುಗಿಸುವ ಸಂಖ್ಯೆಯದು; 0 ಅಂದರೆ ಎಲ್ಲ ಸರಿ. ಗ್ನೂ ಟಾರ್ (ಲಿನಕ್ಸಿನಲ್ಲಿ ಸಾಮಾನ್ಯವಾಗಿರುವ ಟಾರ್), ತಾನು ಓದುತ್ತಿರುವಾಗಲೇ ಫೈಲ್ ಬದಲಾದರೆ 1 ಹಿಂತಿರುಗಿಸುತ್ತದೆ, ನಿಜವಾದ ಪೆಟ್ಟಾದರೆ 2. ತಪ್ಪಾದೊಡನೆ ನಿಲ್ಲು ಎನ್ನುವ ‘ಸೆಟ್ -ಇ’ ಹಾಕಿದ್ದರೆ 1 ಬಂದರೂ ಸ್ಕ್ರಿಪ್ಟ್ ಅಲ್ಲೇ ಸಾಯುತ್ತದೆ. ಹಾಗಾಗಿ ಕೋಡನ್ನು ವೇರಿಯಬಲ್‌ನಲ್ಲಿ ಹಿಡಿದು, 1 ಆದರೆ ಲಾಗಿಗೆ ಬರೆದು ಮುಂದುವರಿಯುತ್ತೇನೆ, 2 ಆದರೆ ನಿಲ್ಲಿಸುತ್ತೇನೆ. ಓಡುತ್ತಿರುವ ಡೇಟಾಬೇಸಿನ ಫೋಲ್ಡರಿಗೆ ಈ ಉದಾರತೆ ಸಲ್ಲದು. ಅದರ ಡಂಪ್ (ಡೇಟಾಬೇಸೇ ಬರೆದುಕೊಡುವ ಪ್ರತಿ) ತೆಗೆದು, ಡಂಪನ್ನೇ ಕಟ್ಟಬೇಕು. ಟಾರ್‌ನಿಂದ ಬಂದದ್ದನ್ನು ಕುಗ್ಗಿಸುವ ಕಮಾಂಡ್ ಜಿಜಿಪ್‌ಗೆ ಪೈಪ್ ಮಾಡುವವರು (ನೇರ ದಾಟಿಸುವವರು) ಶೆಲ್‌ನ ‘ಪೈಪ್‌ಫೇಲ್’ ಆಯ್ಕೆ ಸೇರಿಸಿ; ಇಲ್ಲದಿದ್ದರೆ ಟಾರ್ ಬಿದ್ದರೂ ಜಿಜಿಪ್ 0 ಎನ್ನುತ್ತದೆ.

ಬರೆಯುವುದು ನೇರವಾಗಿ ಕೊನೆಯ ಹೆಸರಿಗಲ್ಲ, ಅದೇ ಡಿಸ್ಕಿನಲ್ಲಿ ‘.ಪಾರ್ಟ್’ ಬಾಲದ ಹೆಸರಿಗೆ. ಫೈಲ್ ಪರೀಕ್ಷಿಸುವ ‘ಜಿಜಿಪ್ -ಟಿ’ ಒಪ್ಪಿದ ಮೇಲೆ ಎಂವಿ (ಹೆಸರು ಬದಲಿಸುವ ಕಮಾಂಡ್) ಮಾಡಿ 2025-03-09 ಮಾದರಿಯ ಹೆಸರು. ನಡುವೆ ಕರೆಂಟು ಹೋದರೆ ಅರ್ಧಂಬರ್ಧ ಫೈಲ್ ಪೂರ್ತಿಯಂತೆ ಕಾಣುವುದಿಲ್ಲ. ಹಳೆಯದನ್ನು ಅಳಿಸುವುದು ಇದಾದ ಮೇಲೆಯೇ. ಮೊದಲೇ ಅಳಿಸುವ ಸ್ಕ್ರಿಪ್ಟ್ ಎರಡು ವಾರಕ್ಕೂ ಹೆಚ್ಚು ಸತತ ಸೋತರೆ ಕೈಯಲ್ಲಿ ಏನೂ ಉಳಿಯದು. ಫೈಲ್ ಹುಡುಕುವ ಕಮಾಂಡ್ ಫೈಂಡ್‌ನ ‘ಎಂಟೈಮ್ +14’ ಅಂದರೆ ಕೊನೆಯ ಬದಲಾವಣೆಯಾಗಿ ಕನಿಷ್ಠ 15 ದಿನ ಪೂರ್ತಿಯಾದವು, 14 ಅಲ್ಲ. ಅಳಿಸುವ ಆಯ್ಕೆ ಸೇರಿಸುವ ಮುಂಚೆ ಹೆಸರುಗಳನ್ನು ಮುದ್ರಿಸಿ ನೋಡಿ.

ಕೈಯಲ್ಲಿ ಓಡಿಸಿದಾಗ ಸರಿಯಿದ್ದದ್ದು ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ತಾನಾಗಿ ಓಡಿಸುವ ವ್ಯವಸ್ಥೆ) ಕೆಡುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಅಲ್ಲಿಯ ಪಾತ್ ವೇರಿಯಬಲ್ (ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ತೀರಾ ಚಿಕ್ಕದು. ಜೊತೆಗೆ ಕ್ರಾನ್‌ಟ್ಯಾಬ್ (ಕ್ರಾನ್‌ನ ವೇಳಾಪಟ್ಟಿ) ಸಾಲಿನಲ್ಲಿ ಶೇಕಡಾ ಚಿಹ್ನೆ ಹೊಸ ಸಾಲಾಗಿಬಿಡುತ್ತದೆ. ಶೇಕಡಾ ಚಿಹ್ನೆ ಬಳಸುವ ದಿನಾಂಕದ ಲೆಕ್ಕ ಸ್ಕ್ರಿಪ್ಟಿನೊಳಗೇ ಇದ್ದರೆ ಎರಡನೆಯದು ಕಾಡದು. ಹಿಂದಿನ ಬ್ಯಾಕಪ್ ಮುಗಿಯುವ ಮೊದಲೇ ಇನ್ನೊಂದು ಶುರುವಾಗದಂತೆ ಬೀಗ ಹಾಕುವುದು ‘ಎಫ್‌ಲಾಕ್ -ಎನ್’.

ಜೆಪೆಗ್ ಚಿತ್ರ, ವಿಡಿಯೋ ಮೊದಲೇ ಕುಗ್ಗಿರುತ್ತವೆ, ಅವಕ್ಕೆ ಝಡ್ ಹಚ್ಚುವುದು ಸಮಯ ದಂಡ.

‘ಜಿಜಿಪ್ -ಟಿ’ ಹೇಳುವುದು ಫೈಲ್ ಮುರಿದಿಲ್ಲ ಎಂದಷ್ಟೇ. ಬೇಕಾದದ್ದು ಒಳಗಿದೆಯೇ ಎಂದಲ್ಲ. ತಿಂಗಳಿಗೊಮ್ಮೆ ‘ಎಂಕೆಟೆಂಪ್ -ಡಿ’ ಕೊಟ್ಟ ತಾತ್ಕಾಲಿಕ ಫೋಲ್ಡರಿನಲ್ಲಿ ಬಿಚ್ಚಿ, ಮೂಲದೊಂದಿಗೆ ಹೋಲಿಸಲು ‘ಡಿಫ್ -ಆರ್’ ಓಡಿಸುತ್ತೇನೆ. ಬಿಡಬಾರದ್ದನ್ನು ಬಿಟ್ಟ ಎಕ್ಸ್‌ಕ್ಲೂಡ್ (‘ಇದನ್ನು ಕಟ್ಟಬೇಡ’ ಎನ್ನುವ) ಸಾಲುಗಳು ಸಿಕ್ಕಿಬೀಳುವುದು ಅಲ್ಲಿಯೇ.